ಬುಧವಾರದ ಒಗೆತ

"ಕೈ ತೆಗಿ. ಈ ಮೆಷಿನ್ ರಿಪೇರಿಯವನ ಹೆಗಲ ಮೇಲೆ ನನ್ನ ಹೆಂಡತಿ ಹೋಗೋದು ಬೇಡ."

ಮಗ ಆಗಲೇ ಅಮ್ಮನ ಶವದ ಪೆಟ್ಟಿಗೆಯ ಒಂದು ಮೂಲೆ ಎತ್ತಿದ್ದ. ಅಂಗಳದಲ್ಲಿದ್ದ ಮೂವತ್ತು ಜನಕ್ಕೂ ಕೇಳಿಸಲಿ ಎಂದೇ ಅಪ್ಪ ಕೋರ್ಟಿನ ದನಿ ತೆಗೆದಿದ್ದರು. ವಕೀಲಿ ಬಿಟ್ಟು ಹದಿನಾರು ವರ್ಷವಾಗಿತ್ತು, ದನಿ ಬಿಟ್ಟಿರಲಿಲ್ಲ.

"ಹೆತ್ತೋಳನ್ನ ಹೊರೋಕೂ ಅಪ್ಪಣೆ ಬೇಕಾ, ವಕೀಲ್ರೆ?" ಎಂದ ಪೆಟ್ಟಿಗೆ ಮಾಡಿದ ಬಡಗಿ.

"ಬೇಕು. ಐದು ವರ್ಷ ಈ ಕಡೆ ತಲೆ ಹಾಕದೋನಿಗೆ ಬೇಕು. ನಾವು ಯಾವುದನ್ನ ಬೇಡ ಅಂತ ಬಿಟ್ಟು ಬಂದ್ವೋ ಅದರ ಚಾಕರಿಗೇ ನಿಂತ ಇವನು."

ಮಗ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಅತ್ತೆ ಅವನ ತೋಳು ಹಿಡಿದು ಎಳೆದಳು.

"ಬಾರೋ, ನಿನಗೊಂದು ತೋರಿಸೋದಿದೆ."

"ಈಗಲಾ?"

"ಈಗಲೇ. ನೀನು ಬಾಯಿ ಬಿಡೋಕೆ ಮುಂಚೆ."

*

ಅವನಿಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಊಟದ ಮೇಜಿನ ಮುಂದೆ ಕೂತು, "ಸಾಕು ಈ ಗಡಿಬಿಡಿ, ಸರಳವಾಗಿ ಬದುಕೋಣ" ಎಂದಿದ್ದರು. ಅಮ್ಮನನ್ನು ಯಾರೂ ಕೇಳಲಿಲ್ಲ. ಮನೆ ಮಾರಿ, ಸಮುದ್ರ ದಾಟಿ, ಪರದೇಶದ ಈ ಕಣಿವೆಗೆ ಬಂದರು. ಅಪ್ಪನ ಮಾತಿಗೆ ಮರುಳಾಗಿ ಇನ್ನೂ ಐದು ಮನೆಯವರು ಬೆನ್ನಿಗೆ ಬಂದರು. ಉಳಿದವರು ವರ್ಷದೊಳಗೆ ಕರೆಂಟು ಹಾಕಿಸಿಕೊಂಡರು. ವಕೀಲರ ಮನೆಯಲ್ಲಿ ಮಾತ್ರ ಚಿಮಣಿ ದೀಪ, ಹೊಳೆಯ ನೀರು.

ಇಲ್ಲಿನ ಶಾಲೆಯ ಭಾಷೆ ಹುಡುಗನ ಗಂಟಲಿಗೆ ಇಳಿಯಲಿಲ್ಲ. ಶಾಲೆ ಬಿಟ್ಟ. "ಒಳ್ಳೇದಾಯ್ತು, ಬದುಕೋಕೆ ಸರ್ಟಿಫಿಕೇಟ್ ಯಾಕೆ?" ಎಂದರು ಸರ್ಟಿಫಿಕೇಟು ಇದ್ದ ಅಪ್ಪ.

ಅವರ ಸರಳ ಬದುಕಿಗೆ ವಾರಕ್ಕೆ ಏಳು ಬಿಳಿ ಅಂಗಿ ಬೇಕಾಗುತ್ತಿತ್ತು. ಚಳಿಗಾಲದಲ್ಲಿ ಹೊಳೆಯಿಂದ ಬಂದ ಅಮ್ಮ ಕೈಗಳನ್ನು ಒಲೆಯ ಮುಂದೆ ಹಿಡಿದು, ಬೆರಳು ಮಡಚಲಾಗದೆ, ಅನ್ನ ಕಲಸಲು ಮಗನನ್ನು ಕರೆಯುತ್ತಿದ್ದಳು. ಹೊರಗೆ ಅಪ್ಪ, ತಮ್ಮನ್ನು ನೋಡಲು ಬಂದವರಿಗೆ ಬಿಡುಗಡೆಯ ಬಗ್ಗೆ ಹೇಳುತ್ತಿದ್ದರು.

ಹತ್ತೊಂಬತ್ತಕ್ಕೆ ಅವನು ಬಂದರಿನ ಪಟ್ಟಣಕ್ಕೆ ಹೋಗಿ ಬಟ್ಟೆ ಒಗೆಯುವ ಮೆಷಿನ್ ರಿಪೇರಿ ಕಲಿತ. ಇರುವ ಕೆಲಸಗಳಲ್ಲಿ ಅದನ್ನೇ ಯಾಕೆ ಹಿಡಿದೆ ಎಂದು ಯಾರೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಕೆಟ್ಟುಹೋದ ಮೂರು ಮೆಷಿನ್ ಬಿಚ್ಚಿ ಒಂದು ಕಟ್ಟಿ, ಗಾಡಿಯ ಮೇಲೆ ಹೇರಿಕೊಂಡು ಬಂದ. ಅಪ್ಪ ಗೇಟು ತೆಗೆಯಲಿಲ್ಲ.

"ಪಕ್ಕದ ಮನೇಲಿ ಇಟ್ರೂ ಸರಿ, ಅಮ್ಮ ಒಗೀಲಿ."

"ನನ್ನ ಅಂಗಿ ಯಂತ್ರದೊಳಗೆ ಹೋಗಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ತಗೊಂಡು ಹೋಗಪ್ಪ, ರಂಪ ಬೇಡ" ಎಂದಳು.

ಅವನಿಗೆ ತಲೆ ಕೆಟ್ಟುಹೋಯಿತು. "ಸರಿ. ಇವರ ಅಂಗಿ ಒಗೀತಾನೇ ಸಾಯಿ" ಎಂದು, ಮೆಷಿನ್ನು ರಸ್ತೆಗೇ ಇಳಿಸಿ ಹೊರಟುಹೋದ. ಮತ್ತೆ ಬಂದದ್ದು ಇವತ್ತು.

*

ದರ್ಜಿ ಅತ್ತೆಯ ಹಿಂಕೋಣೆಯಲ್ಲಿ, ಬಟ್ಟೆಯ ಗಂಟುಗಳ ಹಿಂದೆ, ಆ ಮೆಷಿನ್ ಇತ್ತು. ಬಾಗಿಲಿನ ತಿರುಪು ಅವನೇ ಹಾಕಿದ್ದು.

"ನೀನು ಹೋದ ಸಂಜೇನೇ ನಾನೂ ನಿಮ್ಮಮ್ಮನೂ ತಳ್ಳಿಕೊಂಡು ಬಂದ್ವಿ. ಪ್ರತಿ ಬುಧವಾರ, ನಿಮ್ಮಪ್ಪ ಪಟ್ಟಣಕ್ಕೆ ಭಾಷಣಕ್ಕೆ ಹೋದ ಮೇಲೆ ಇಲ್ಲಿಗೆ ಬರ್ತಿದ್ಳು. ಇದು ತಿರುಗೋವಷ್ಟು ಹೊತ್ತು ಈ ಕುರ್ಚೀಲಿ ಕಾಲು ಚಾಚಿ ಕೂತಿರ್ತಿದ್ಳು. ನಾನೇನಾದ್ರೂ ಮಾತಾಡಿದ್ರೆ, 'ಸುಮ್ನಿರೇ, ನನ್ನ ಮಗ ಒಗೀತಿದಾನೆ' ಅಂತಿದ್ಳು."

ಅವನು ಬಾಗಿಲು ತೆಗೆದ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಮೂರು ಬಿಳಿ ಅಂಗಿ ಇನ್ನೂ ಒದ್ದೆಯಾಗಿದ್ದವು.

"ಉಳಿದದ್ದು?"

"ಮೊನ್ನೆ ಹೊಳೆಗೆ ಒಯ್ದಳು. ಅಲ್ಲಿ ಇನ್ನೊಂದು ಸಲ ಅದ್ದಿ, ನೀರು ಸುರಿಸ್ತಾ ತರ್ಬೇಕಲ್ಲ, ನಿಮ್ಮಪ್ಪನಿಗೆ ಕಾಣೋ ಹಾಗೆ. ಮೆಟ್ಟಿಲು ಪಾಚಿ ಕಟ್ಟಿತ್ತು, ಕಾಲು ಜಾರಿತು. ಈ ಮೂರನ್ನ ಒಯ್ಯೋಕೆ ವಾಪಸ್ ಬರಲೇ ಇಲ್ಲ."

ಅವನು ಮೆಷಿನ್ನಿನ ಮೇಲೆ ಎರಡೂ ಕೈ ಊರಿ ನಿಂತ. "ನನಗೆ ಯಾಕೆ ಹೇಳಲಿಲ್ಲ, ಅತ್ತೆ? ಒಂದು ಕಾಗದ ಹಾಕಬಹುದಿತ್ತಲ್ಲ."

"ಹಾಕಿದ್ರೆ ಕುಣೀತಾ ಬಂದು ಅಪ್ಪನ ಮುಖಕ್ಕೆ ಎಸೀತಿದ್ದೆ. ನಿನ್ನ ಬಾಯಲ್ಲಿ ಎಳ್ಳು ನೆನೆಯಲ್ಲ ಅಂತ ಹೆತ್ತೋಳಿಗೆ ಗೊತ್ತಿರಲ್ವಾ? ಆಮೇಲೆ ಆ ಬುಧವಾರಾನೂ ಹೋಗ್ತಿತ್ತು ಅವಳಿಗೆ."

ಅವರು ಹೊರಬರುವಷ್ಟರಲ್ಲಿ ಪೆಟ್ಟಿಗೆ ಗೇಟು ದಾಟಿತ್ತು. ಅವನು ಎಲ್ಲರಿಗಿಂತ ಹಿಂದೆ ಗುಡ್ಡ ಹತ್ತಿದ.

ಗುಂಡಿಯ ಪಕ್ಕ ನಿಂತು ಅಪ್ಪ ಮಾತಾಡಿದರು. ದನಿ ಎರಡು ಸಲ ಒಡೆಯಿತು. ಆ ಅಳು ಸುಳ್ಳಲ್ಲ. "ಈ ಅಂಗಿ ಅವಳ ಕೈಯಲ್ಲೇ ಒಗೆಸಿಕೊಂಡದ್ದು," ಎಂದು ಕಾಲರು ಮುಟ್ಟಿ ತೋರಿಸಿದರು. "ಒಂದು ದಿನ ಯಂತ್ರ ಮುಟ್ಟಿದೋಳಲ್ಲ. ನಾನು ಹಿಡಿದ ದಾರೀಲಿ ನಗ್ತಾ ನಡೆದಳು."

ಜನ ಸಾಲಾಗಿ ಬಂದು ಹಿಡಿ ಮಣ್ಣು ಹಾಕತೊಡಗಿದರು. ಕೊನೆಗೆ ಮಗ ಬಾಗಿ ಮಣ್ಣು ತೆಗೆದುಕೊಂಡ.

"ಹೇಳಯ್ಯಾ," ಎಂದರು ಅಪ್ಪ, ಎಲ್ಲರ ಎದುರಿಗೆ. "ನಿನ್ನ ಡಬ್ಬ ಒಗೆದ್ರೆ ಬರುತ್ತಾ ಈ ಬಿಳುಪು?"

ಎಲ್ಲರೂ ಅವನ ಕಡೆ ತಿರುಗಿದರು. ದರ್ಜಿ ಅತ್ತೆ ಕಣ್ಣು ಮುಚ್ಚಿಕೊಂಡಳು. ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಯವರೆಗೂ ಬಂತು. ಅವನು ಹಲ್ಲು ಕಚ್ಚಿ, ಹಿಡಿದ ಮಣ್ಣು ಹಾಕದೆಯೇ ತಿರುಗಿದ.

ಬಡಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ನೋಡಿದ್ರಾ, ಉತ್ತರ ಇಲ್ಲ," ಎಂದರು ಅಪ್ಪ ಬೆನ್ನ ಹಿಂದಿನಿಂದ.

ಅವನು ತಿರುಗಿ ನೋಡದೆ ಗುಡ್ಡ ಇಳಿಯುತ್ತಿದ್ದ. ಬಿಗಿದ ಮುಷ್ಟಿಯಿಂದ ಮಣ್ಣು ದಾರಿಯುದ್ದಕ್ಕೂ ಸಣ್ಣಗೆ ಉದುರುತ್ತಿತ್ತು.