ಎರೆಮಣ್ಣನ್ನು ಇಡಿಯಾಗಿ ಹೊತ್ತವನು

ನಾನು ಒಂದು ಕಬ್ಬಿಣದ ಕೊಳವೆ. ಸೊಂಟದೆತ್ತರ, ಕೊಡದಷ್ಟು ಅಗಲ. ಹುಟ್ಟಿದ್ದು ಗದಗಿನ ಮೌಲಾಲಿಯವರ ವೆಲ್ಡಿಂಗ್ ಅಂಗಡಿಯಲ್ಲಿ. ನನ್ನನ್ನು ಮಾಡಿಸಿದವಳು ನೀಲಗಂಗಾ, ಕೃಷಿ ಕಾಲೇಜಿನಲ್ಲಿ ಮಣ್ಣಿನ ಸಂಶೋಧನೆ ಮಾಡುತ್ತಿದ್ದವಳು.

ಕಣವಿಹಾಳ ಎಂಬ ಊರಿನ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ, ಬಣ್ಣದ ಕಾರ್ಖಾನೆಯೊಂದು ಹೊರಬಿಡುವ ಉಪ್ಪುನೀರಿಗೆ ಹೊಂಡ ತೋಡಲು ಗುರುತು ಹಾಕಿದ್ದರು. ಉಪ್ಪು ಬಾವಿಯನ್ನು ಮುಟ್ಟಲು ಎಷ್ಟು ಕಾಲ ಬೇಕು? ಅದನ್ನು ಹೇಳುವುದು ನೀಲಗಂಗಾಳ ಕೆಲಸ. ಅಲ್ಲಿಯ ಎರೆಮಣ್ಣನ್ನು ಕುಟ್ಟಿ, ಜರಡಿ ಹಿಡಿದು ನನ್ನೊಳಗೆ ತುಂಬಿದಳು. ಮೇಲೆ ಹಾಕಿದ ನೀರು ಕೆಳಗಿಳಿಯಲು ವಾರಗಳೇ ಹಿಡಿದವು. ಆ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟಳು. ಮೂವತ್ತು ವರ್ಷ ಎಂಬ ಉತ್ತರ ಬಂತು. ವರದಿಗೆ ಸಹಿಯೂ ಬಿತ್ತು.

ಒಂದು ದಿನ ಊರಿನವರು ಪ್ರಯೋಗ ನೋಡಲು ಬಂದರು. ಅವರಲ್ಲಿ ದ್ಯಾಮವ್ವ ಎಂಬ ಮುದುಕಿ ನನ್ನೊಳಗೆ ಇಣುಕಿ ನಕ್ಕಳು.

“ಇದು ನಮ್ಮ ಮಣ್ಣಲ್ಲ ಬಿಡ ತಂಗಿ.”

“ನಿಮ್ಮ ಹೊಲದ್ದs ಯವ್ವಾ. ಕುಟ್ಟಿ ಹಾಕೀವಿ.”

“ಕುಟ್ಟಿದ ಮ್ಯಾಲೆ ಬಿರುಕು ಎಲ್ಲಿ ಉಳೀತಾವ? ಬ್ಯಾಸಗ್ಯಾಗ ನನ್ನ ತೋಳು ಪೂರಾ ಒಳಗ ಹೋಗತೈತಿ. ಮಳಿ ಬಂದ್ರ ನೀರು ಮೊದಲ ಅಲ್ಲೇ ಧುಮುಕತೈತಿ.”

ನೀಲಗಂಗಾ ಅಂದೇ ವರದಿಯನ್ನು ಹಿಂದಕ್ಕೆ ಪಡೆಯಲು ಹೊರಟಳು. ಅವಳ ಗುರುಗಳಾದ ಹಂಪಣ್ಣನವರು ಎಚ್ಚರಿಸಿದರು: “ಸಹಿ ಆದ ವರದಿ ತಪ್ಪು ಅಂದ್ರ ನಿನ್ನ ಹೆಸರು ಕೆಡ್ತದವ್ವಾ.”

“ಹೆಸರು ಕೆಟ್ರ ಕೆಡ್ಲಿ ಸರ್. ನೀರು ಕೆಡಬಾರದು.”

ಮೌಲಾಲಿಯವರು ನನ್ನ ಕೆಳಗಿನ ಅಂಚನ್ನು ಕುಡುಗೋಲಿನಂತೆ ಮಸೆದುಕೊಟ್ಟರು. ಸುಡುವ ಏಪ್ರಿಲ್‌ನಲ್ಲಿ, ಕಣವಿಹಾಳದ ಬಿರುಕು ಬಿಟ್ಟ ನೆಲದೊಳಗೆ, ಬರಿದು ಮಾಡಿದ ನನ್ನನ್ನು ಬೆರಳು ಬೆರಳಷ್ಟೇ ಇಳಿಸಿದರು. ಎರಡು ದಿನ ಹಿಡಿಯಿತು. ಒಂದು ಹೆಂಟೆಯೂ ಅಲುಗದಂತೆ ಸುತ್ತಲೂ ಅಗೆದು, ಮಣ್ಣಿನ ಸಮೇತ ಎತ್ತಿದರು. ತಾಯಿ ಮಗುವನ್ನು ಹೊತ್ತಂತೆ ನಾನು ಅದನ್ನು ಹೊತ್ತು ಕಾಲೇಜಿಗೆ ಬಂದೆ.

ನೀಲಗಂಗಾ ನೀಲಿ ಬಣ್ಣ ಕಲಸಿದ ಉಪ್ಪುನೀರನ್ನು ಮೇಲೆ ಸುರಿದಳು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ನನ್ನ ಬುಡದಿಂದ ನೀಲಿ ಹನಿಯೊಂದು ಬಟ್ಟಲಿಗೆ ಬಿತ್ತು. ಅವಳು ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡಳು.

ಆಮೇಲೆ ಲೆಕ್ಕವನ್ನು ಬುಡದಿಂದಲೇ ಬದಲಿಸಿದಳು. ಬಿರುಕಿನ ಓಟದ ದಾರಿ ಒಂದು, ಮಣ್ಣಿನ ಮೈಯೊಳಗಿನ ಆಮೆನಡಿಗೆಯ ದಾರಿ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಉಪ್ಪು ಜಿನುಗುವುದನ್ನೂ ಸೇರಿಸಿದಳು. ಈಗ ಬಂದ ಉತ್ತರ: ಎರಡೇ ಮಳೆಗಾಲ!

ಹೊಂಡಕ್ಕೆ ಅನುಮತಿ ಕೊಡುವ ಅಧಿಕಾರಿಗಳು ಒಪ್ಪಲಿಲ್ಲ. “ಹಂಗಾದ್ರ ಹೊಲದಾಗs ನೋಡೂಣು ಬರ್ರಿ” ಎಂದಳು ನೀಲಗಂಗಾ. ಹೊಲದ ಒಂದು ಮೂಲೆಗೆ ಉಪ್ಪುನೀರು ಬಿಟ್ಟು, ಒಂದಾಳು ಆಳದಲ್ಲಿ ಹೂತಿಟ್ಟ ಬಟ್ಟಲಿಗೆ ಅದು ಮೂರನೇ ದಿನ ಬರುತ್ತದೆ ಎಂದು ಎಲ್ಲರೆದುರು ಬರೆದುಕೊಟ್ಟಳು. ಮೂರನೇ ದಿನ ಹಂಪಣ್ಣನವರೇ ಆ ಬಟ್ಟಲಿನ ನೀರನ್ನು ನಳಿಕೆಯಿಂದ ಮೇಲೆಳೆದು ಉಪ್ಪು ಅಳೆಯುವ ಮೀಟರು ಅದ್ದಿದರು. ಎರಡು ಸಲ ನೋಡಿದರು. “ಉಪ್ಪು ಬಂದದ!” ಎಂದು ಕೂಗಿ, ತಮ್ಮ ಟೋಪಿಯನ್ನು ತೆಗೆದು ಶಿಷ್ಯೆಯ ತಲೆಯ ಮೇಲಿಟ್ಟರು. ಊರಿಗೆ ಊರೇ ಕೇಕೆ ಹಾಕಿತು. ಹೊಂಡದ ಯೋಜನೆ ರದ್ದಾಯಿತು.

ಈಗ ನಾನು ಪ್ರಯೋಗಶಾಲೆಯ ಮೂಲೆಯಲ್ಲಿದ್ದೇನೆ. ಮೈಯೆಲ್ಲ ತುಕ್ಕು. ನಾನಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಮಣ್ಣು ತಾನಿದ್ದ ಹಾಗೆಯೇ ಇರಲು ಜಾಗ ಕೊಟ್ಟೆ, ಅಷ್ಟೆ. ಕೊಳವೆಯೊಂದಕ್ಕೆ ಇದಕ್ಕಿಂತ ದೊಡ್ಡ ಬಾಳು ಇನ್ನೇನಿದೆ?