ಎರಡನೆಯ ಕೊಳವೆ

ಎರಡು ಪರೀಕ್ಷಾ ಕೊಳವೆಯಲ್ಲೂ ಪ್ರತಿಕ್ರಿಯೆ ಏನೂ ಇಲ್ಲ. ಮೊದಲನೆಯದರಲ್ಲಿ ಮಾತ್ರ ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ. ಎರಡರಲ್ಲೂ ಇಲ್ಲದ್ದನ್ನು ಕಂಡು ಮೈ ಉರಿದುಹೋಯಿತು.

ರಕ್ತ ನನ್ನ ಅಕ್ಕನದು. ಮೂರು ತಿಂಗಳ ಹಿಂದೆ ನನ್ನ ಮೂಳೆಮಜ್ಜೆಯನ್ನು ಅವಳಿಗೆ ಹಾಕಿದ್ದರು. ಈಗ ಅವಳ ಮೈಯಲ್ಲಿ ಹಳೆಯ ವೈರಸ್ಸೊಂದು ತಲೆಯೆತ್ತಿದೆ. ವೈರಸ್ ಹೊಕ್ಕ ಜೀವಕೋಶ ಅದರ ಚೂರೊಂದನ್ನು ತನ್ನ ಹೊರಮೈಯಲ್ಲಿ ತೋರಿಸುತ್ತದೆ. ಅದನ್ನು ಗುರುತು ಹಿಡಿದ ಬಿಳಿ ರಕ್ತಕಣ ಆ ಕೋಶವನ್ನೇ ಕೊಂದುಹಾಕುತ್ತದೆ. ನನ್ನಿಂದ ಹೋದ ಕಣಗಳಿಗೆ ಆ ಗುರುತು ಸಿಗುತ್ತಿದೆಯೇ ಎಂದು ನೋಡಲು ಮೊದಲ ಕೊಳವೆಗೆ ವೈರಸ್ಸಿನ ಚೂರು ಹಾಕಿದ್ದೆ. ಎರಡನೆಯದಕ್ಕೆ ಹಾಕಿದ್ದು, ಬದುಕಿರುವ ಯಾವ ಕಣವನ್ನಾದರೂ ಕೆರಳಿಸುವ ದ್ರವ. ಅದಕ್ಕೂ ಅಲುಗಾಡದಿದ್ದರೆ ಕಣಗಳು ಕುರುಡಲ್ಲ, ಕೆಟ್ಟುಹೋಗಿವೆ ಎಂದರ್ಥ.

"ಸರ್, ಈ ರಕ್ತ ಮೊನ್ನೆ ರಾತ್ರಿ ಎಲ್ಲಿತ್ತು?" ಎಂದು ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ಕೇಳಿದೆ.

"ಫ್ರಿಜ್ಜಲ್ಲಿ. ನಾನೇ ಎತ್ತಿಟ್ಟು, ನಿನ್ನೆ ಬೆಳಿಗ್ಗೆ ನಿನ್ನ ಟೇಬಲ್ ಮೇಲಿಟ್ಟೆ. ಹೊರಗೆ ಬಿಟ್ರೆ ಕೆಡಲ್ವಾ?"

ಇಪ್ಪತ್ತು ವರ್ಷ ರಕ್ತದ ಸಕ್ಕರೆ, ಕೊಬ್ಬು ಅಳೆದ ಕೈ ಅವರದು. ರಕ್ತ ಕಂಡರೆ ತಾನಾಗಿಯೇ ಫ್ರಿಜ್ಜಿನ ಕಡೆ ಹೋಗುತ್ತದೆ.

"ಬದುಕಿರೋ ಕಣ ಬೇಕು ಸರ್, ಫ್ರಿಜ್ಜಲ್ಲಿ ಕೆಟ್ಟುಹೋಗ್ತವೆ! ಹೊರಗೇ ಇಡಿ ಅಂತ ಕೆಂಪಕ್ಷರದಲ್ಲಿ ಬರೆದಿತ್ತಲ್ಲ!"

ಅವರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ಪ್ರತಿಕ್ರಿಯೆ ಇಲ್ಲ ಅಂತ ಬರೆದು ಕಳಿಸಿಬಿಡು. ಸುಳ್ಳೇನಲ್ವಲ್ಲ."

ಸುಳ್ಳಲ್ಲವಂತೆ! ಆ ಎರಡು ಪದ ನೋಡಿದ ಕೂಡಲೇ ವಾರ್ಡಿನ ಡಾಕ್ಟರು ಕಾಯುವುದು ಬಿಟ್ಟು ಕಟು ಔಷಧಿ ಶುರುಮಾಡುತ್ತಾರೆ. ಅದು ವೈರಸ್ಸಿನ ಜೊತೆಗೆ, ಈಗಷ್ಟೇ ಬೇರೂರುತ್ತಿರುವ ಮಜ್ಜೆಯನ್ನೂ ಹೊಸಕಿಹಾಕುತ್ತದೆ. ಇವರ ಮರ್ಯಾದೆ ಉಳಿಯಲು ನನ್ನ ಅಕ್ಕ ಸಾಯಬೇಕೇ? ಅವರೆದುರಿಗೇ ಫೋನೆತ್ತಿ, "ರಕ್ತ ನಾವೇ ಹಾಳು ಮಾಡಿದ್ದೀವಿ, ಇನ್ನೊಂದು ಸಲ ಬೇಕು" ಎಂದೆ. ಸರ್ ಮುಖ ಹುಳ್ಳಗಾಯಿತು.

ವಾರ್ಡಿಗೆ ಹೋದಾಗ ಅಕ್ಕನ ಕೈ ಸೂಜಿ ಚುಚ್ಚಿ ಚುಚ್ಚಿ ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಗಟ್ಟಿತ್ತು.

"ತಪ್ಪು ಮಾಡೋಕೆ ನೀವು, ಚುಚ್ಚಿಸ್ಕೊಳ್ಳೋಕೆ ನಾನು!" ಎಂದು ನರ್ಸ್ ಮುಂದೆಯೇ ಉಗಿದಳು. ಆಮೇಲೆ ಇನ್ನೊಂದು ಕೈ ಚಾಚಿದಳು. "ತಗೊಳ್ಳೇ. ಈ ರಕ್ತ ಹೇಗಿದ್ರೂ ನಿಂದೇ ತಾನೆ."

ರಕ್ತವನ್ನು ಯಾರ ಕೈಗೂ ಕೊಡದೆ ನಾನೇ ತಂದೆ, ಆಗಲೇ ಪರೀಕ್ಷೆಗೆ ಹಾಕಿದೆ. ಮರುದಿನ ಎರಡೂ ಕೊಳವೆಗಳಲ್ಲಿ ಪ್ರತಿಕ್ರಿಯೆ ಇತ್ತು. ನನ್ನ ಕಣಗಳು ವೈರಸ್ಸನ್ನು ಗುರುತು ಹಿಡಿದಿದ್ದವು.

"ನೋಡಿದ್ಯಾ, ಎಲ್ಲ ಸರಿಹೋಯ್ತು," ಎಂದು ಸರ್ ನಕ್ಕು ವರದಿಗೆ ಸಹಿ ಹಾಕಿದರು.

"ತಾನಾಗಿ ಸರಿಹೋಗ್ಲಿಲ್ಲ ಸರ್," ಎಂದೆ. "ಅಕ್ಕ ಇನ್ನೊಂದು ಕೈ ಕೊಟ್ಲು."