ಎಡಗಡೆಯ ಬಾಗಿಲು

ಹೆಮ್ಮಿಗೆಯ ಹೊಂಗೆಮರದ ಕೆಳಗೆ, ನಾಲ್ಕು ಕಲ್ಲುಗಳ ಮೇಲೆ, ಒಂದು ಹಳೆಯ ಮಾರುತಿ ಕಾರು. ಚಕ್ರಗಳಿಲ್ಲ. ಒಂದು ಕಾಲಕ್ಕೆ ಬಿಳಿಯಾಗಿದ್ದ ಅದರ ನೆತ್ತಿಯ ಮೇಲೆ ಒಣಗಿದ ಹೂವು ಹಾಸಿದಂತೆ ಬಿದ್ದಿದೆ. ಬಾನೆಟ್ಟಿನ ತುಕ್ಕಿನ ಮೇಲೆ ಎಲೆಯ ನೆರಳು ಕೂಡ ಕದಲುತ್ತಿಲ್ಲ. ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ ಕಣ್ಣನ್ನು ಅರೆ ಮುಚ್ಚಿದೆ. ಇಡೀ ಗಾಡಿಯಲ್ಲಿ ಎಡಗಡೆಯ ಮುಂದಿನ ಬಾಗಿಲೊಂದೇ ಆಗತಾನೆ ತೊಳೆದಿಟ್ಟ ತಟ್ಟೆಯಂತೆ ಬೆಳ್ಳಗಿದೆ.

ಸಿದ್ದಮಲ್ಲಪ್ಪನವರು ಆ ಬಾಗಿಲಿನ ಮುಂದೆ ಕೈಕಟ್ಟಿ ನಿಂತಿದ್ದರು. ಸರ್ವೆ ಇಲಾಖೆಯಿಂದ ನಿವೃತ್ತರಾದ ಮೇಲೆ, ನಂಜನಗೂಡಿನ ಮನೆಯ ಶೆಡ್ಡಿನಲ್ಲಿ ಅವರು ಎರಡು ಸೀಟಿನ ಕಾರೊಂದನ್ನು ತಾವೇ ಕಟ್ಟುತ್ತಿದ್ದರು. ಚೌಕಟ್ಟು ಮತ್ತು ಫೈಬರ್ ಮೈ ಕೊಯಮತ್ತೂರಿನಿಂದ ಕಿಟ್ಟಾಗಿ ಬಂದಿದ್ದವು. ಉಳಿದದ್ದನ್ನು ಹಳೆಯ ಮಾರುತಿಗಳಿಂದ ಹೊಂದಿಸಿಕೊಳ್ಳಬೇಕು. ಎಂಜಿನ್ನು ಬಿಳಿಗೆರೆಯಲ್ಲಿ, ಸ್ಟೀರಿಂಗು ತಿ. ನರಸೀಪುರದ ಗುಜರಿಯಲ್ಲಿ, ಬಲಬಾಗಿಲು ದೇವನೂರಿನ ಒಂದು ಹಿತ್ತಿಲಲ್ಲಿ ಸಿಕ್ಕಿತ್ತು. ಸಿಕ್ಕಿದ ಎಡಬಾಗಿಲುಗಳನ್ನೆಲ್ಲ ಕೀಲಿನ ಬಳಿ ತುಕ್ಕು ತಿಂದಿತ್ತು. ಕೊನೆಯ ಸಾಲು ಕೂಡಿಬರದ ಪದ್ಯದಂತೆ ಕಾರು ಅಲ್ಲಿಗೇ ನಿಂತುಬಿಟ್ಟಿತ್ತು.

ಗಾಡಿಯ ಒಡತಿ ಮಂಚಮ್ಮ ಜಗಲಿಯಿಂದ ಇಳಿದು ಬಂದಳು.

"ಮಿಕ್ಕಿದ್ದೆಲ್ಲ ಬಿಚ್ಕೊಂಡೋಗಿ ಸಾ. ಅದೊಂದು ಮಾತ್ರ ಬುಟ್ಬುಡಿ."

"ನಂಗೆ ಬೇಕಾಗಿರೋದೇ ಅದೊಂದು ಕಣಮ್ಮ."

"ಒಳ್ಳೆ ಸಾಯೇಬ್ರು! ಮನೆ ಬ್ಯಾಡ, ಒಸ್ಲು ಕೊಡು ಅಂದಂಗಾಯ್ತು."

ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಗಂಡ ಸಿದ್ದಯ್ಯ ಈ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವನು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

"ನಾನು ಇಳ್ದು ಬಾಗ್ಲಾಕುದ್ರೆ ಸಾಕು, 'ಮೆಲ್ಗೆ ಆಕಮ್ಮೀ' ಅಂತ ಬಾಯ್ ಬಡ್ಕೊಳೋನು. 'ನಿನ್ ಕಾರೇನು ಮಡಕೆನಾ?' ಅಂತ ಇನ್ನೂ ಜೋರಾಗಿ ಆಕ್ಬುಟ್ಟು ಓಯ್ತಿದ್ದೆ. ಅವ್ನು ಸಾಯೋಗಂಟ ಇದೇ ಜಗಳ."

ಸಿದ್ದಮಲ್ಲಪ್ಪನವರು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೊರಡಲು ತಿರುಗಿದರು. ಆಗ ಮಂಚಮ್ಮನೇ ಕರೆದಳು.

"ತಕ್ಕೊಂಡೋಗಿ. ಆದ್ರೆ ಒಂದ್ ಮಾತು. ಯಾರೇ ಇಳ್ದು ಎಷ್ಟೇ ಜೋರಾಗಿ ಆಕುದ್ರೂ ನೀವು ಕೆಮ್ಮಂಗಿಲ್ಲ."

ಅವರು ಮಾತು ಕೊಟ್ಟರು. ಪಾತ್ರೆ ಬಿದ್ದರೂ ಬೆಚ್ಚುವ ಸ್ವಭಾವ ತಮ್ಮದೆಂಬುದು, ಬಾಗಿಲನ್ನು ಬಸ್ಸಿನ ಮೇಲೆ ಹಾಕಿಸುವಾಗ ನೆನಪಾಯಿತು.

ಕಾರ್ತಿಕದ ಸೋಮವಾರ ನಂಜನಗೂಡಿನ ದೇವಸ್ಥಾನಕ್ಕೆ ಬಂದ ಮಂಚಮ್ಮ ಕಾರು ನೋಡಲು ಶೆಡ್ಡಿಗೂ ಬಂದಳು. ಹಸಿರು ಮೈಯಲ್ಲಿ ಆ ಬಾಗಿಲು ಮಾತ್ರ ತನ್ನ ಬಿಳಿಯ ಬಣ್ಣದಲ್ಲೇ ಉಳಿದಿತ್ತು. ಅವಳು ಎಡಸೀಟಿನಲ್ಲಿ ಕೂತಳು. ಅವರು ಎಂಜಿನ್ನು ಚಾಲೂ ಮಾಡಿದರು. ಕಾರು ನಿಂತಲ್ಲೇ ನಡುಗಿತು. ಎದುರಿನ ಗೋಡೆಯನ್ನು ಅವಳು, ದಾರಿಯನ್ನು ನೋಡುವಂತೆ, ಸ್ವಲ್ಪ ಹೊತ್ತು ನೋಡಿದಳು.

"ಬಸ್ಸಿಗೆ ಒತ್ತಾಯ್ತು ಸಾ" ಎಂದು ಇಳಿದವಳು ಬಾಗಿಲನ್ನು ಬೀಸಿ ಹಾಕಿದಳು. ಹೊಸ ಗಾಜು ಝಲ್ಲೆಂದಿತು. ಚಿಲಕ ಕಚ್ಚದೆ ಬಾಗಿಲು ಹಿಂದಕ್ಕೆ ಬಂತು. ಸಿದ್ದಮಲ್ಲಪ್ಪನವರು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕೊಟ್ಟ ಮಾತಿಗೆ ಕಟ್ಟುಬಿದ್ದು, ಸುಮ್ಮನಿದ್ದರು.

ಮಂಚಮ್ಮ ಹೋಗಲಿಲ್ಲ. ಬಾಗಿಲು ಹಿಡಿದುಕೊಂಡೇ ಬಗ್ಗಿ ಒಳಗೆ ನೋಡಿದಳು.

"ಏನಾದ್ರೂ ಅನ್ನಿ ಸಾ."

"ಅನ್ನಲ್ಲ ಅಂತ ಮಾತು ಕೊಟ್ಟಿದ್ದೀನಲ್ಲಮ್ಮ."

"ಈಸ್ಕೊಂಡೋಳು ನಾನೇ ಅಲ್ವಾ? ವಾಪಸ್ ಕೊಟ್ಟಿವ್ನಿ, ಅನ್ನಿ."

ಅವರು ಗಂಟಲು ಸರಿಮಾಡಿಕೊಂಡರು.

"ಗಾಜು ಹೊಸದು ಕಣಮ್ಮ. ಮೆಲ್ಲಗೆ ಹಾಕು."

"ನಿನ್ ಕಾರೇನು ಮಡಕೆನಾ?"

ಹಿಂತಿರುಗಿ ನೋಡದೆ ಹೊರಟವಳ ಬೆನ್ನ ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು, ಚಿಲಕ ಕಚ್ಚಿತು.